ದೀಪ ಹಚ್ಚಿದ ಮೇಲಿನ ಬಣ್ಣ

ಹಗಲಿಗೆ ಸೂರ್ಯನನ್ನೂ ಇರುಳಿಗೆ ದೀಪವನ್ನೂ ಕೊಟ್ಟು, ಎರಡರ ಬೆಳಕಿನಲ್ಲಿಯೂ ಕಾಣಬಲ್ಲ ಕಣ್ಣನ್ನು ಅನುಗ್ರಹಿಸಿದ ಲಕ್ಷ್ಮೀನಾರಾಯಣನ ಪಾದಗಳಿಗೆ ಮೊದಲು ತಲೆಬಾಗುತ್ತೇನೆ. ಅಕ್ಷರ ಕಲಿಸಿದ ಗುರುಗಳಿಗೂ, ತನ್ನ ಕೊರಳಿನ ಒಡವೆಯನ್ನು ಮೊಮ್ಮಗಳ ಕೊರಳಿಗೆ ಹಾಕಿ ಕಣ್ಣುಮುಚ್ಚಿದ ನನ್ನ ಅಜ್ಜಿಗೂ ನಾನು ಋಣಿ. ಭೂಮಿಯ ಒಡಲಲ್ಲಿ ಯಾರ ಕಣ್ಣಿಗೂ ಬೀಳದೆ ಎರಡು ಬಣ್ಣಗಳನ್ನು ಒಟ್ಟಿಗೆ ಬಚ್ಚಿಟ್ಟುಕೊಂಡಿದ್ದ ಆ ಒಂದು ಹರಳಿಗೂ ಋಣಿ. ಆ ಹರಳಿನ ದೆಸೆಯಿಂದ ನಮ್ಮ ಮನೆಯವರೆಲ್ಲ ಒಮ್ಮೆ ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಕಳೆದ ಕೆಲವು ದಿನಗಳನ್ನು ಇಲ್ಲಿ ನೆನೆಯುತ್ತಿದ್ದೇನೆ.

ನಮ್ಮ ತಂದೆಯವರು ತಾಲ್ಲೂಕು ಕಚೇರಿಯಲ್ಲಿ ಕಾರಕೂನರಾಗಿದ್ದರು. ಅವರಿಗೆ ವರ್ಗವಾದಂತೆಲ್ಲ ನಮ್ಮ ಸಂಸಾರವೂ ಮುದ್ದೇಬಿಹಾಳ, ಸಿಂದಗಿ ಎಂದು ತಾಮ್ರದ ಹಂಡೆ, ದೇವರ ಪೆಟ್ಟಿಗೆಗಳನ್ನು ಹೊತ್ತುಕೊಂಡು ತಿರುಗುತ್ತಿತ್ತು. ನಾನು ಹೇಳುತ್ತಿರುವ ಕಾಲಕ್ಕೆ ನಾವು ಇಂಡಿಯಲ್ಲಿದ್ದೆವು. ಜಿಲ್ಲೆ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ದಿನಗಳಾಗಿರಲಿಲ್ಲ. ನಾನು ಮುದ್ದೇಬಿಹಾಳದಲ್ಲಿ ಒಬ್ಬ ಶಾಸ್ತ್ರಿಗಳ ಬಳಿ ಕಾವ್ಯ ವ್ಯಾಕರಣಗಳನ್ನು ಓದಿ ಮುಗಿಸಿ, ಕೆಲಸದ ದಾರಿ ಕಾಯುತ್ತ ಮನೆಯಲ್ಲಿದ್ದೆ. ನನಗಿಂತ ಎರಡು ವರ್ಷಕ್ಕೆ ಹಿರಿಯಳಾದ ಅಕ್ಕನ ಮದುವೆಯ ಮಾತು ಆಗತಾನೆ ಕುದುರಿತ್ತು.

ಅಜ್ಜಿಯ ಪದಕ ಅಕ್ಕನ ಪಾಲಿಗೆ ಬಂದಿತ್ತು. ಸುತ್ತ ಸಣ್ಣ ಮುತ್ತುಗಳು, ನಡುವೆ ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದೇ ಹರಳು. ಹಿಂದಿನ ಕಾಲದ ಪತ್ತಾರನು ಅದರ ಬೆನ್ನಿಗೆ ಬಂಗಾರದ ತಗಡನ್ನು ಮುಚ್ಚದೆ, ಬೆಳಕು ಒಳಹೊಕ್ಕು ಆಚೆ ಬರುವಂತೆ ಕೂರಿಸಿದ್ದನು. ಹಗಲು ಹೊತ್ತಿನಲ್ಲಿ ಅದು ನಮ್ಮ ಸೀಮೆಯ ಹಿಂಗಾರಿ ಹೊಲದಲ್ಲಿ ಬೆಳಗಿನ ಜಾವ ಅರಳಿ ನಿಂತ ಅಗಸಿ ಹೂವಿನ ನೀಲಿ. ದೀಪ ಹಚ್ಚಿದ ಮೇಲೆ ಆ ನೀಲಿ ಎಲ್ಲಿಯೋ ಅಡಗಿ, ನೇರಳೆ ಹಣ್ಣನ್ನು ಕಚ್ಚಿದಾಗ ಒಳಗೆ ಕಾಣುವ ಕೆಂಪು ಬೆರೆತ ಬಣ್ಣ ಬಂದು ಕೂರುತ್ತಿತ್ತು. ಬೆಳಗಾದರೆ ಮತ್ತೆ ಅಗಸಿ ಹೂವು. ಅಜ್ಜಿ ಬದುಕಿದ್ದಾಗ ಹಿತ್ತಲಿನಿಂದ ಒಳಗೆ ಬಂದು, ಪದಕವನ್ನು ಎತ್ತಿ ಹಿಡಿದು, ಹರಳಿಗೆ ಸಂಜೆಯಾಯಿತು, ಬಾಗಿಲಿಗೆ ನೀರು ಹಾಕಿರಿ ಎನ್ನುತ್ತಿದ್ದಳು. ನಮಗೆ ಅದು ಆಕಳು ಸಂಜೆಗೆ ಮನೆಗೆ ಮರಳಿದಷ್ಟೇ ಸಹಜವಾದ ಸಂಗತಿ. ಹೊರಗಿನವರಿಗೆ ಹೇಳಬೇಕಾದ ವಿಷಯವೆಂದು ನಮ್ಮಲ್ಲಿ ಯಾರಿಗೂ ತೋಚಿರಲೇ ಇಲ್ಲ. ಎಲ್ಲ ತೊಂದರೆಯೂ ಅಲ್ಲಿಂದಲೇ ಹುಟ್ಟಿತು.

ವರನ ಮನೆತನ ಬಸವನ ಬಾಗೇವಾಡಿಯದು. ಹೂವಿನ ಹಿಪ್ಪರಗಿಯ ಕಡೆಗೆ ಅವರಿಗೆ ಹೊಲವೂ ಇತ್ತು. ವರ ಸಿಂದಗಿಯಲ್ಲಿ ಹೈಸ್ಕೂಲು ಮಾಸ್ತರರು. ಹೆಣ್ಣು ನೋಡಲು ಅವರು ಇಂಡಿಗೆ ಬಂದದ್ದು ಒಂದು ಮಧ್ಯಾಹ್ನ. ವರ ಅಕ್ಕನನ್ನು ಹಾಡಲು ಹೇಳಲಿಲ್ಲ, ನಡೆದು ತೋರಿಸಲು ಹೇಳಲಿಲ್ಲ. ಈಚೆಗೆ ಏನು ಓದಿದಿರಿ ಎಂದು ಕೇಳಿದರು. ಅಕ್ಕ ಅಂದಿನ ಸಂಜೆಯೆಲ್ಲ ಕಾರಣವಿಲ್ಲದೆ ಪಾತ್ರೆಗಳನ್ನು ಎರಡೆರಡು ಸಲ ಒರೆಸಿಟ್ಟಳು. ಆ ಮನೆಗೆ ಹೋಗಲು ಅವಳಿಗೆ ಮನಸ್ಸಿದೆ ಎಂಬುದು ಅದರಿಂದಲೇ ಅವ್ವನಿಗೆ ತಿಳಿಯಿತು.

ಅದೇ ಮಧ್ಯಾಹ್ನ ವರನ ತಂಗಿ, ಹಿಂದಿನ ವರ್ಷವಷ್ಟೇ ಮದುವೆಯಾದವಳು, ಅಂಗಳದ ಬಿಸಿಲಿನಲ್ಲಿ ಅಕ್ಕನ ಕೊರಳನ್ನೇ ನೋಡುತ್ತ ನಿಂತಳು.

"ಅಯ್ಯ, ಇದೇನ್ರಿ, ಅಗಸಿ ಹೂ ಕಿತ್ತು ಬಂಗಾರದಾಗ ಇಟ್ಟಂಗ ಅದಲಾ," ಎಂದಳು.

ಅತ್ತೆಯವರದು, ಮಗಳ ಜೊತೆಗೇ ಕಳಿಸುತ್ತೇವೆ ಎಂದು ಅವ್ವ ಸಂತೋಷದಿಂದ ಹೇಳಿದಳು. ಆ ಹುಡುಗಿ ಪದಕವನ್ನು ಕೈಯಲ್ಲಿ ಹಿಡಿದು, ಬಿಸಿಲಿಗೆ ಒಡ್ಡಿ, ಬಿಡಲಾರದೆ ಬಿಟ್ಟಳು. ಅವಳನ್ನು ದೂಷಿಸಲಾರೆ. ವಜ್ರ ಹೊಳೆದು ಕಣ್ಣನ್ನು ಹಿಂದಕ್ಕೆ ತಳ್ಳುತ್ತದೆ. ಒಳ್ಳೆಯ ನೀಲಮಣಿ ಕಣ್ಣನ್ನು ಒಳಗೆ ಕರೆದುಕೊಳ್ಳುತ್ತದೆ. ಎಷ್ಟು ನೋಡಿದರೂ ಅದರ ತಳ ಕಂಡಿತೆಂದು ಅನ್ನಿಸುವುದಿಲ್ಲ.

ಮುಂದಿನ ಮಾತುಕತೆ ಸಿಂದಗಿಯಲ್ಲಿ, ನಮ್ಮ ದೂರದ ಬಂಧುಗಳ ಮನೆಯಲ್ಲಿ ನಡೆಯಿತು. ಬಸ್ಸು ಕೆಟ್ಟು ನಾವು ತಲುಪುವಾಗ ಕಂದೀಲು ಹಚ್ಚಿದ್ದರು. ಹೆಂಗಸರು ಒಳಕೋಣೆಯಲ್ಲಿ ಕುಳಿತರು. ವರನ ತಂಗಿ ನಗುತ್ತಲೇ ಅಕ್ಕನ ಬಳಿಗೆ ಬಂದು, ಪದಕವನ್ನು ಎತ್ತಿ ನೋಡಿ, ಕೈಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವಳು ತನ್ನ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ತಾಂಬೂಲ ಬದಲಾಯಿಸುವ ಮಾತನ್ನು ನಮ್ಮ ತಂದೆಯವರು ಎತ್ತಿದಾಗ, ಮುಹೂರ್ತ ನೋಡಿ ತಿಳಿಸುತ್ತೇವೆ ಎಂಬ ಉತ್ತರ ಬಂತು. ಬರುವಾಗ ಇದ್ದ ಕಳೆ ಹೋಗುವಾಗ ಅವರ ಮುಖಗಳಲ್ಲಿ ಇರಲಿಲ್ಲ.

ನಾವು ಇಂಡಿಗೆ ಮರಳಿ ಕಾಯುತ್ತಿದ್ದಾಗ, ಈ ಸಂಬಂಧವನ್ನು ತಂದಿದ್ದ ಆಚಾರ್ಯರೇ ಒಂದು ಬೆಳಿಗ್ಗೆ ಬಂದರು. ಚಹಾ ಕುಡಿದು, ನಶ್ಯ ಏರಿಸಿ, ಹೊರ್ತಿಯ ಕಡೆ ಜೋಳ ಹೇಗಿದೆ ಎಂದೆಲ್ಲ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು.

"ರಾಯರ, ತಪ್ಪು ತಿಳೀಬ್ಯಾಡ್ರಿ. ಮಧ್ಯಾಹ್ನ ತೋರ್ಸಿದ್ದು ಒಂದು, ಸಂಜಿಗೆ ತೋರ್ಸಿದ್ದು ಇನ್ನೊಂದು ಅಂತ ಹೆಣ್ಮಕ್ಕಳು ಮಾತಾಡ್ತಾರ. ಆ ನೀಲಿ ಹರಳು ಎಲ್ಲದ, ಕೇಳಿ ಬರ್ರಿ ಅಂದಾರ."

ತಂದೆಯವರು ಮೊದಲು ನಕ್ಕರು. ಅದೂ ಇದೂ ಒಂದೇ ಹರಳು, ದೀಪಕ್ಕೆ ಬಣ್ಣ ತಿರುಗುತ್ತದೆ ಎಂದರು. ಆಚಾರ್ಯರು ನಗಲಿಲ್ಲ.

"ಇದನ್ನ ನಾ ಹೋಗಿ ಹ್ಯಾಂಗ ಹೇಳ್ಲಿ? ಹರಳೇನು ಓತಿಕ್ಯಾತೇನ್ರಿ?"

ತಂದೆಯವರ ಮುಖದ ನಗು ಹಾಗೆಯೇ ಇಂಗಿತು. ಒಂದು ಹುಲ್ಲುಕಡ್ಡಿಯನ್ನೂ ಕಚೇರಿಯಿಂದ ಮನೆಗೆ ತಂದವರಲ್ಲ ಅವರು. ಹೆಣ್ಣಿನ ಮನೆಯವರು ಒಳ್ಳೆಯದನ್ನು ತೋರಿಸಿ ಕಡಿಮೆಯದನ್ನು ಕಟ್ಟುವವರು ಎಂಬ ಮಾತು ಬಾಗೇವಾಡಿಯಿಂದ ಹೊರಟರೆ ಅಕ್ಕನಿಗೆ ಈ ಸಂಬಂಧವಷ್ಟೇ ಅಲ್ಲ, ಮುಂದಿನ ಯಾವ ಸಂಬಂಧವೂ ನೆಟ್ಟಗಾಗುವಂತಿರಲಿಲ್ಲ. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಹಿರಿಯರ ಮಾತಿನ ನಡುವೆ ಬಾರದವಳು ಅಂದು ಬಂದಳು.

"ಲಗ್ನ ನನಗೋ ಹರಳಿಗೋ, ಅದನ್ನೂ ಒಂದು ಕೇಳಿ ಬರ್ರಿ ಆಚಾರ್ಯರ."

ಆಚಾರ್ಯರು ಪಂಚೆ ಕೊಡವಿಕೊಂಡು ಎದ್ದರು.

ಆ ಮೇಲಿನ ದಿನಗಳಲ್ಲಿ ಮನೆ ಮನೆಯಾಗಿ ಉಳಿಯಲಿಲ್ಲ. ತಂದೆಯವರು ಕಚೇರಿಯಿಂದ ಬಂದು ಕೋಟು ಕಳಚುವುದನ್ನೂ ಮರೆತು ಅಂಗಳದ ತುದಿಯಿಂದ ತುದಿಗೆ ಅಡ್ಡಾಡುತ್ತಿದ್ದರು. ಅವ್ವ ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಹೋಗುತ್ತಿದ್ದಳು. ಬಾಗಿಲಲ್ಲಿ ನಿಂತು ಹಾಲು ನೆನಪಾಗಿ ಒಳಗೆ ಓಡುತ್ತಿದ್ದಳು. ಬಾವಿಕಟ್ಟೆಯಲ್ಲಿ ಯಾರಾದರೂ ಮೆಲ್ಲಗೆ ಮಾತಾಡಿದರೆ ತನ್ನ ಮಗಳ ಮಾತೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಪದಕವನ್ನು ತೆಗೆದಿಡು ಎಂದು ಅಕ್ಕನಿಗೆ ಹೇಳಿದರೆ ಅವಳು ಕೇಳಲಿಲ್ಲ. ಹಿಟ್ಟು ಬೀಸುವಾಗಲೂ ಅದು ಅವಳ ಕೊರಳಲ್ಲೇ ತೂಗುತ್ತಿತ್ತು.

ತಂದೆಯವರು ನನ್ನನ್ನು ಕರೆದು, ಇಷ್ಟು ವರ್ಷ ಓದಿದ್ದೀಯಲ್ಲ, ಬಣ್ಣ ತಿರುಗುವ ನೀಲಕ್ಕೆ ಶಾಸ್ತ್ರದ ಆಧಾರ ತೋರಿಸು ಎಂದರು. ಆಧಾರ ಸಿಕ್ಕರೆ ಆಚಾರ್ಯರ ಮುಂದೆ ಓದಬಹುದು ಎಂಬುದು ಅವರ ಆಸೆ. ನನ್ನಲ್ಲಿದ್ದ ಪುಸ್ತಕಗಳನ್ನೆಲ್ಲ ಹರವಿಕೊಂಡು ಕುಳಿತೆ. ನವಿಲಿನ ಕೊರಳು, ಅಗಸಿ ಹೂವು, ಶಂಖಪುಷ್ಪ, ದುಂಬಿಯ ರೆಕ್ಕೆ ಎಂದು ನೀಲದ ಛಾಯೆಗಳನ್ನು ಪೂರ್ವಿಕರು ಬಗೆಬಗೆಯಾಗಿ ಎಣಿಸಿದ್ದರು. ಹಗಲಿಗೊಂದು ದೀಪಕ್ಕೊಂದು ಎಂಬ ಮಾತು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಜಪಕ್ಕೆ ಕುಳಿತರೂ ಮಣಿಯ ಮೇಲೆ ಬೆರಳು ನಿಂತು, ಮನಸ್ಸು ಪುಟ ತಿರುವುತ್ತಿತ್ತು.

ಕೊನೆಗೆ ತಂದೆಯವರು ಹರಳಿನ ವ್ಯಾಪಾರದ ಸಾಹೇಬರನ್ನು ಕರೆತರಲು ನನ್ನನ್ನು ಕಳಿಸಿದರು. ಸಾಹೇಬರ ಮನೆತನ ತಲೆತಲಾಂತರದಿಂದ ಇಂಡಿಯಲ್ಲೇ ಇದ್ದದ್ದು; ಅವರ ತಂದೆ ಹೈದರಾಬಾದಿನವರೆಗೂ ಹರಳು ಕೊಂಡು ಮಾರುತ್ತಿದ್ದರು. ತಂದೆಯವರಿಗೂ ಸಾಹೇಬರಿಗೂ ಏಕವಚನದ ಗೆಳೆತನ. ಸಾಹೇಬರು ಪಡಸಾಲೆಯಲ್ಲಿ ಕುಳಿತು ಪದಕವನ್ನು ಅಂಗೈಯಲ್ಲಿಟ್ಟುಕೊಂಡರು. ನಾನು ಕಿಟಕಿ ಮುಚ್ಚಿ ಹಣತೆ ತಂದೆ. ಹರಳು ತಿರುಗಿತು. ಅವರು ಅದನ್ನು ಬೆಳಕಿಗೆ ಹೊರಳಿಸಿ ಹೊರಳಿಸಿ ನೋಡಿದರು.

"ನೀಲಮ್ಮಿನ ಜಾತೀನ ಐತಿ," ಎಂದರು. "ನೀಲಂ ಅಂದ್ರ ಬರೇ ನೀಲಿ ಅಂತ ಮಂದಿ ತಿಳದಾರ. ಹಳದಿ ಐತಿ, ಗುಲಾಬಿ ಐತಿ, ತಾವರಿ ಎಸಳಿನ ಬಣ್ಣದ್ದೂ ಸಿಂಹಳದಾಗ ಸಿಗತೈತಿ. ಹಿಂಗ ತಿರುಗೂದು ಐತಿ ಅಂತ ಅಬ್ಬಾ ಹೇಳತಿದ್ರು. ನಾ ನೋಡಿದ್ದು ಇದ ಮೊದಲು."

ತಂದೆಯವರಿಗೆ ಜೀವ ಬಂದಂತಾಯಿತು. ನೀನೇ ಬಂದು ಸಾಕ್ಷಿ ಹೇಳು ಎಂದರು. ಸಾಹೇಬರು ತಲೆಯಲ್ಲಾಡಿಸಿದರು. ನಾನು ನಿನ್ನ ಊರಿನವನು, ನಿನ್ನ ಗೆಳೆಯ. ನನ್ನ ಮಾತನ್ನು ಅವರು ಯಾಕೆ ನಂಬಬೇಕು ಎಂದರು. ಆಮೇಲೆ, ಗೆಳೆಯನ ಸಂಕಟ ನೋಡಲಾರದೆ, ಇನ್ನೊಂದು ದಾರಿ ಸೂಚಿಸಿದರು. ತಮ್ಮ ಬಳಿ ಇದೇ ಅಳತೆಯ ಅಪ್ಪಟ ನೀಲಿ ಹರಳೊಂದಿದೆ. ಪತ್ತಾರನಿಂದ ಅದನ್ನು ಈ ಪದಕಕ್ಕೆ ಕೂರಿಸೋಣ. ಹಗಲೂ ನೀಲಿ, ಇರುಳೂ ನೀಲಿ. ಅವರ ಬಾಯಿ ಮುಚ್ಚುತ್ತದೆ, ಹುಡುಗಿಯ ಮದುವೆಯಾಗುತ್ತದೆ. ಹಳೆಯದು ನನ್ನ ಬಳಿ ಇರಲಿ, ಎಂದಾದರೂ ಕೇಳಿದರೆ ಕೊಡುತ್ತೇನೆ. ಹೀಗೆ ಹೇಳುವಾಗ ಅವರ ಹೆಬ್ಬೆರಳು ಹರಳನ್ನು ಸವರುತ್ತಲೇ ಇತ್ತು. ಆ ಹರಳಿನ ಮೋಹ ಅವರಿಗೂ ಹತ್ತಿತ್ತು ಎಂಬುದನ್ನು ಅವರೇ ಆಮೇಲೆ ನಗುತ್ತ ಒಪ್ಪಿಕೊಂಡರು.

ತಂದೆಯವರು ಒಲ್ಲೆ ಎನ್ನಲಿಲ್ಲ. ಅವರು ಒಲ್ಲೆ ಎನ್ನದಿದ್ದದ್ದೇ ನನಗೆ ಭಯ ಹುಟ್ಟಿಸಿತು. ಕಂಬಕ್ಕೆ ಒರಗಿ, ಅಂಗಳವನ್ನು ನೋಡುತ್ತ, ಪತ್ತಾರನಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರು. ಆಗ ಒಳಗಿನಿಂದ ಅವ್ವನ ದನಿ ಬಂತು. ಪರರ ಮುಂದೆ ಗಂಡನಿಗೆ ಎದುರಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಬದಲಿ ಮಾಡಿಲ್ಲ ಅಂತ ತೋರಸಲಿಕ್ಕೆ ಬದಲಿ ಮಾಡೂದೇನ್ರಿ? ಅವರು ಅಂದ ಮಾತು ಇವತ್ತಿನತನಾ ಸುಳ್ಳದ. ನಾಳಿಗೆ ನಾವ ಅದನ್ನ ಖರೇ ಮಾಡಿಕೊಡೂದು?"

ಸಾಹೇಬರು ಪದಕವನ್ನು ಕೆಳಗಿಟ್ಟರು. ವೈನಿ ಹೇಳಿದ್ದೇ ಸರಿ ಎಂದು ಮೆಲ್ಲಗೆ ಅಂದರು. ತಂದೆಯವರು ಆಚಾರ್ಯರಿಗೆ ಒಂದು ಮಾತು ಹೇಳಿ ಕಳಿಸಿದರು: ವರನ ಮನೆಯ ಹಿರಿಯರು ಒಂದು ಮಧ್ಯಾಹ್ನ ನಮ್ಮಲ್ಲಿಗೆ ಬರಲಿ, ಹೆಣ್ಣುಮಗಳು ಪದಕ ಹಾಕಿಕೊಂಡು ಅವರ ಕಣ್ಣೆದುರಿಗೇ ಕೂರುತ್ತಾಳೆ, ಹೊತ್ತು ಮುಳುಗಿ ಹರಳು ತಿರುಗುವವರೆಗೆ ಅವಳು ಏಳುವುದಿಲ್ಲ, ಅವರೂ ಕಣ್ಣು ತೆಗೆಯಬಾರದು.

ಬಂದರು. ಆಚಾರ್ಯರ ಜೊತೆಗೆ ವರನ ತಂಗಿ, ಮತ್ತು ವರನ ಅಜ್ಜಿ. ಕೆಂಪು ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದ ಆ ಮಡಿ ಅಜ್ಜಿ ನಮ್ಮಲ್ಲಿ ಹಾಲು ಹಣ್ಣುಗಳ ಹೊರತು ಬೇರೇನನ್ನೂ ಮುಟ್ಟಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿದ್ದೆವು. ಅಕ್ಕ ನಡುವೆ ಕುಳಿತಳು. ಸಾಹೇಬರನ್ನೂ ಕರೆದಿದ್ದರಿಂದ ಅವರು ಹೊರಗಿನ ಕಟ್ಟೆಯ ಮೇಲೆ ಕುಳಿತರು. ಹರಳು ಬಿಸಿಲಿಗೆ ಅಗಸಿ ಹೂವಾಗಿತ್ತು.

ಅಂಥ ಮಧ್ಯಾಹ್ನ ಮತ್ತೆ ಬೇಡ. ಎಲ್ಲರ ಕಣ್ಣೂ ಒಂದು ಹುಡುಗಿಯ ಕೊರಳಿನ ಮೇಲೆ. ಮಾತು ಆರಂಭವಾಗಿ ಅರ್ಧಕ್ಕೇ ಕಡಿಯುತ್ತಿತ್ತು. ಒಂದು ಮೋಡ ಅಡ್ಡ ಬಂದರೆ ಎಲ್ಲರೂ ಮುಂದಕ್ಕೆ ಬಾಗುತ್ತಿದ್ದರು. ಬಿಸಿಲು ಬಂದರೆ ಹಿಂದಕ್ಕೆ ಸರಿಯುತ್ತಿದ್ದರು. ಅಕ್ಕ ಮಾತ್ರ ಗೋಡೆಯ ಒಂದು ಬಿರುಕನ್ನು ನೋಡುತ್ತ ಅಲುಗಾಡದೆ ಕುಳಿತಿದ್ದಳು. ಮಡಿಲಲ್ಲಿ ಬೆರಳುಗಳು ಮಾತ್ರ ಸೆರಗಿನ ಅಂಚನ್ನು ಸುತ್ತಿ ಬಿಚ್ಚುತ್ತಿದ್ದವು.

ತಂದೆಯವರು ಅಂದು ಒಂದು ಕೆಲಸ ಮಾಡಿದ್ದರು. ಬೀಗರಾಗಬೇಕಾದವರು ಮಬ್ಬು ಬೆಳಕಿನಲ್ಲಿ ಕೂರಬಾರದೆಂದು, ಹೆಚ್ಚು ಬೆಳಕಿದ್ದರೆ ಸತ್ಯವೂ ಹೆಚ್ಚು ಕಂಡೀತೆಂದು, ಪಕ್ಕದ ಅರಿವೆ ವ್ಯಾಪಾರಿಯಿಂದ ಗ್ಯಾಸ್‌ಬತ್ತಿ ಎರವಲು ತಂದಿದ್ದರು. ಹೊತ್ತು ಇನ್ನೂ ಪೂರ್ತಿ ಮುಳುಗುವ ಮೊದಲೇ ಅದನ್ನು ತಾವೇ ಪಂಪು ಹೊಡೆದು ಹಚ್ಚಿ ತೊಲೆಗೆ ತೂಗುಹಾಕಿದರು. ಬುಸ್ಸೆಂಬ ಸದ್ದಿನೊಡನೆ ಪಡಸಾಲೆಯೆಲ್ಲ ಬೆಳ್ಳಗಾಯಿತು. ಹೊರಗೆ ಕತ್ತಲಾಯಿತು. ಒಳಗೆ ಹರಳು ನೀಲಿಯಾಗಿಯೇ ಉಳಿಯಿತು. ತುಸು ಕದಡಿದಂತೆ, ಮಂಕಾದಂತೆ ಕಂಡಿತೇ ಹೊರತು ನೇರಳೆಯ ಸುಳಿವೇ ಇಲ್ಲ.

ತಂದೆಯವರು ಇನ್ನಷ್ಟು ಪಂಪು ಹೊಡೆದರು. ಹರಳು ಇನ್ನಷ್ಟು ನೀಲಿಯಾಯಿತು. ಅವರ ಹಣೆಯ ಬೆವರು ಬೆಳಕಿಗೆ ಹೊಳೆಯುತ್ತಿತ್ತು. ಕಟ್ಟೆಯ ಮೇಲಿದ್ದ ಸಾಹೇಬರು ಒಳಗೆ ಇಣುಕಿ, ಏನೂ ಅರ್ಥವಾಗದೆ ಗಡ್ಡ ಸವರಿಕೊಂಡರು.

ವರನ ತಂಗಿ ನಮ್ರವಾದ ದನಿಯಲ್ಲಿಯೇ ಕೇಳಿದಳು: "ಹರಳು ಇನ್ನ ಯಾವಾಗ ಮನಸ್ಸು ಮಾಡತದ್ರಿ ಅದು?"

ಆಚಾರ್ಯರು ನಶ್ಯದ ಡಬ್ಬಿಯ ಮುಚ್ಚಳವನ್ನು ತಿರುಗಿಸತೊಡಗಿದರು. ನಾನು ಸಂಧ್ಯಾವಂದನೆಗೆ ನೀರು ತುಂಬಿದ ಪಂಚಪಾತ್ರೆ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಅರ್ಘ್ಯ ಕೊಡುವ ಹೊತ್ತು ಮೀರುತ್ತಿದ್ದರೂ ಕಾಲು ಕೀಳಲಾಗಲಿಲ್ಲ. ಎಲ್ಲವೂ ಮುಗಿಯಿತೆಂದೇ ನನಗೆ ಅನ್ನಿಸಿತು. ಕಂಡದ್ದನ್ನು ಕಾಣಿಸಲು ಹೋಗಿ ನಾವೇ ಸುಳ್ಳುಗಾರರಾಗಿದ್ದೆವು.

ಅಕ್ಕ ಎದ್ದಳು. ಅವ್ವ ಕಣ್ಣಿನಲ್ಲೇ ಕೂರು ಎಂದಳು.

"ದೀಪದ ಹೊತ್ತಾತವ್ವ," ಎಂದಳು ಅಕ್ಕ.

ಅಜ್ಜಿ ಸತ್ತಂದಿನಿಂದ ದೇವರ ಮುಂದೆ ಸಂಜೆಯ ದೀಪ ಹಚ್ಚುವುದು ಅವಳ ಪಾಲಿನ ಕೆಲಸ. ಅದು ತಪ್ಪಿದ ದಿನವಿರಲಿಲ್ಲ. ಬೀಗರ ಕಣ್ಣೆದುರಿನಿಂದ ಏಳುವುದಿಲ್ಲ ಎಂದು ತಂದೆಯವರು ಕೊಟ್ಟ ಮಾತು ಒಂದು ಕಡೆ, ಈ ದೀಪ ಒಂದು ಕಡೆ. ಅವಳು ಹೆಜ್ಜೆ ಎತ್ತಿಡುವಷ್ಟರಲ್ಲಿ ಬಾಗೇವಾಡಿಯ ಅಜ್ಜಿಯೂ ಗೋಡೆ ಹಿಡಿದು ಎದ್ದರು.

"ಈ ಬುಸುಗುಡೂ ಬತ್ತಿಗೆ ನಾ ಹ್ಯಾಂಗ ಕೈ ಮುಗೀಲಿ? ನಡಿಯವಾ, ನಾನೂ ಬರ್ತೇನಿ. ನನ್ನ ಕಣ್ಣ ಮುಂದನ ಇದ್ದಂಗಾತು."

ದೇವರ ಕೋಣೆ ಕತ್ತಲಾಗಿತ್ತು; ಪಡಸಾಲೆಯ ಬೆಳಕು ಅಲ್ಲಿಯವರೆಗೆ ಬರುತ್ತಿರಲಿಲ್ಲ. ನಾನು ಹೊಸ್ತಿಲಾಚೆ ನಿಂತೆ. ಅಕ್ಕ ಬತ್ತಿ ತೀಡಿ, ಎಣ್ಣೆ ಹೊಯ್ದು, ಹಿತ್ತಾಳೆಯ ದೀಪದ ಸಮೆಯನ್ನು ಹಚ್ಚಿದಳು. ಬೆಳಕು ಮೊದಲು ಸಾಲಿಗ್ರಾಮದ ಮೇಲೆ, ಆಮೇಲೆ ಅವಳ ಕೈಬಳೆಗಳ ಮೇಲೆ ಬಿತ್ತು. ಅವಳು ನಮಸ್ಕಾರಕ್ಕೆ ಬಾಗಿದಾಗ ಪದಕ ಎದೆಯಿಂದ ಬೇರೆಯಾಗಿ ಮುಂದಕ್ಕೆ ತೂಗಿ, ದೀಪದ ಎದುರಿಗೇ ನಿಂತಿತು.

ಅಜ್ಜಿಯ ಮುಗಿದ ಕೈಗಳು ಹಾಗೆಯೇ ಉಳಿದವು. ಸ್ವಲ್ಪ ಹೊತ್ತಿನ ಮೇಲೆ, ದೇವರಿಗೆ ಹೇಳುವಷ್ಟು ಮೆಲ್ಲಗೆ, ಮೊಮ್ಮಗಳನ್ನು ಕರೆದರು.

"ಇಲ್ಲಿ ಬಾರವಾ. ನೋಡು. ಕೊರಳಾಗಿಂದು ತಗದಿಲ್ಲ, ಕೈಲೆ ಮುಟ್ಟಿಲ್ಲ. ನಾ ನಿಂತು ನೋಡ್ಲಿಕತ್ತೇನಿ, ನೇರಳಿ ಹಣ್ಣಾತು."

ಆ ಹುಡುಗಿ ಬಂದು ನೋಡಿದಳು. ಅಕ್ಕ ಪದಕವನ್ನು ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅದನ್ನು ಪಡಸಾಲೆಗೆ ಒಯ್ದರು: ನೀಲಿ. ದೇವರ ಕೋಣೆಗೆ ತಂದರು: ನೇರಳೆ. ಮತ್ತೆ ಹೊರಗೆ, ಮತ್ತೆ ಒಳಗೆ. ಮಂಡಿನೋವಿನ ಆ ಹಿರಿಯರು ಹೊಸ ಆಟಿಕೆ ಸಿಕ್ಕ ಕೂಸಿನಂತೆ ಹೊಸ್ತಿಲು ದಾಟಿದ್ದೇ ದಾಟಿದ್ದು. ಆಚಾರ್ಯರೂ ಅವರ ಹಿಂದೆ ಹಿಂದೆ. ಕಟ್ಟೆಯ ಮೇಲೆ ಸಾಹೇಬರು ತೊಡೆ ತಟ್ಟಿಕೊಂಡರು.

"ರಾಯಾ, ಈ ಗ್ಯಾಸಿನ ಬೆಳಕು ಹಗಲಿನ ತಮ್ಮ ಇದ್ದಂಗ ಐತಿ. ನೀ ಹರಳಿಗೆ ಸಂಜಿ ಆಗಾಕ ಬಿಟ್ಟ ಇಲ್ಲ."

ತಂದೆಯವರು ಗ್ಯಾಸ್‌ಬತ್ತಿಯನ್ನು ಆರಿಸಿದರು. ಆ ಸದ್ದು ನಿಂತ ಮೇಲೆಯೇ ಮನೆಯಲ್ಲಿ ಎಷ್ಟು ಸದ್ದಿತ್ತೆಂದು ತಿಳಿಯಿತು. ಈಗ ದೇವರ ದೀಪವೊಂದೇ ಬೆಳಗುತ್ತಿತ್ತು. ವರನ ತಂಗಿ ಅಕ್ಕನ ಹತ್ತಿರ ಬಂದಳು. ಅವಳ ಕಣ್ಣುಗಳು ತುಂಬಿದ್ದವು.

"ನಾ ಒಂದು ಮಾತು ಅಂದುಬಿಟ್ಟೆ. ವೈನಿ ಅದನ್ನ ಮನಸಿನ್ಯಾಗ ಇಟಗೋಬಾರದು."

ಅಣ್ಣನ ಹೆಂಡತಿಯನ್ನು ಕರೆಯುವ ವೈನಿ ಎಂಬ ಮಾತನ್ನು ಎಲ್ಲರೂ ಕೇಳಿಸಿಕೊಂಡರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕ ಮಾತ್ರ ದೀಪದ ಕುಡಿಯನ್ನು ಸರಿಪಡಿಸಿದಳು, ಬೆರಳಿಗೆ ಹತ್ತಿದ ಎಣ್ಣೆಯನ್ನು ಒರೆಸಿಕೊಂಡಳು. ಈ ದಿನಗಳ ನೋವನ್ನೆಲ್ಲ ಅವಳು ಈಗ ಹೇಳಿಬಿಡುತ್ತಾಳೆಂದು ನಾನು ಹೆದರಿದೆ. ಅವಳು ಅಜ್ಜಿಯ ಕಡೆಗೆ ತಿರುಗಿದಳು.

"ನಿಮ್ಮ ಮನ್ಯಾಗ ದೇವರ ದೀಪ ಎಣ್ಣೀದ ಹೌದಲ್ರಿ?"

"ನಾ ಇರೂತನಕ ಎಣ್ಣೀದ," ಎಂದರು ಅಜ್ಜಿ.

"ಹಂಗಾದ್ರ ಬರ್ತೇನ್ರಿ."

ಅಜ್ಜಿ ತಾವೇ ಪದಕವನ್ನು ಅವಳ ಕೊರಳಿಗೆ ಕಟ್ಟಿದರು. ನಾನು ಹಿತ್ತಲಿಗೆ ಓಡಿ, ಹೊತ್ತು ಮೀರಿದ್ದಕ್ಕೆ ಪ್ರಾಯಶ್ಚಿತ್ತದ ಅರ್ಘ್ಯವನ್ನೂ ಸೇರಿಸಿ ಕೊಟ್ಟೆ.

ಮದುವೆ ಬಾಗೇವಾಡಿಯಲ್ಲಿ ಆಯಿತು. ಅಕ್ಕ ಸಿಂದಗಿಯಲ್ಲಿ ಸಂಸಾರ ಹೂಡಿದಳು. ಮುಂದೆ ಅಲ್ಲಿಯ ಮನೆಗಳಿಗೆ ವಿದ್ಯುತ್ತು ಬಂದ ಮೇಲೂ ದೇವರ ಕೋಣೆಗೆ ಅವಳು ತಂತಿ ಎಳೆಯಗೊಡಲಿಲ್ಲ. ಮುದ್ದೇಬಿಹಾಳದ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಮೇಲೆ ರಜೆಗೆ ಅವಳಲ್ಲಿಗೆ ಹೋದಾಗಲೆಲ್ಲ, ಸಂಜೆಗೆ ಕೂತಲ್ಲಿ ಕೂರಲಾಗದೆ ನಾನು ಎದ್ದು ಆ ಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಎಷ್ಟು ಸಲ ಕಂಡಿದ್ದರೂ, ಇಂದು ತಿರುಗದಿದ್ದರೆ ಎಂಬ ಆತಂಕ ಎದೆಯಲ್ಲಿ ಒಮ್ಮೆ ಹೊರಳುತ್ತಿತ್ತು. ಈ ಇಳಿವಯಸ್ಸಿನಲ್ಲಿಯೂ ದೀಪದ ಹೊತ್ತಿಗೆ ನನಗೆ ಆ ತಳಮಳ ತಪ್ಪಿಲ್ಲ. ಶಾಸ್ತ್ರದ ಆಧಾರವನ್ನು ಇನ್ನೂ ಹುಡುಕುತ್ತಲೇ ಇದ್ದೇನೆ.

ಪರರ ಮುಂದೆ ದನಿಯೆತ್ತಿದ ನನ್ನ ತಾಯಿಗೆ, ಒಂದು ಕ್ಷಣ ತೂಗಾಡಿ ಮತ್ತೆ ನೆಟ್ಟಗೆ ನಿಂತ ನನ್ನ ತಂದೆಗೆ ಸದ್ಗತಿಯಿರಲಿ. ಆಸೆಪಟ್ಟ ಹರಳನ್ನು ಕೆಳಗಿಟ್ಟ ಸಾಹೇಬರ ಮನೆತನ ಬೆಳಗಲಿ. ಕಹಿಮಾತನ್ನು ಹೊತ್ತು ಬಂದು ಸಿಹಿಮಾತನ್ನು ಹೊತ್ತು ಹೋದ ಆಚಾರ್ಯರ ವಂಶಕ್ಕೆ, ಕೇಳಿದೊಡನೆ ಬತ್ತಿ ಎರವಲು ಕೊಟ್ಟ ನೆರೆಯವರ ಮಕ್ಕಳಿಗೆ ಒಳ್ಳೆಯದಾಗಲಿ. ಕಂಡಂತೆ ಆಡಿ, ಮತ್ತೆ ಕಂಡಾಗ ಕಣ್ಣು ತುಂಬಿಕೊಂಡ ಆ ತಂಗಿಗೆ ಭಗವಂತನು ಮುತ್ತೈದೆತನವನ್ನೂ ನೆಮ್ಮದಿಯನ್ನೂ ಕೊಡಲಿ. ಗ್ಯಾಸಿನ ಬೆಳಕಿಗೆ ಕೈ ಮುಗಿಯದ ಆ ಅಜ್ಜಿಗೆ ವೈಕುಂಠ ಪ್ರಾಪ್ತವಾಗಲಿ. ಹೊತ್ತಿಗೆ ಸರಿಯಾಗಿ ಎದ್ದು ನಡೆದ ನನ್ನ ಅಕ್ಕನ ಮನೆಯಲ್ಲಿ ಪ್ರತಿ ಸಂಜೆಯೂ ಎಣ್ಣೆ ತೀರದಿರಲಿ.